ಹಿಂಡಿ ಅಂಗಡಿಯ ಜಗದೇವಪ್ಪ

ಶಹಾಬಜಾರದ ಹಿಂಡಿ ಅಂಗಡಿಯ ಜಗದೇವಪ್ಪ ದನದ ತಿನಿಸು ಯಾವುದೇ ಬರಲಿ, ಮೊದಲು ತನ್ನ ನಾಲಿಗೆಗೆ ಹಚ್ಚಿಕೊಳ್ಳುತ್ತಾನೆ. ಕುಸುಬಿ ಹಿಂಡಿಗೆ ತಲೆದೂಗುತ್ತಾನೆ. ಬೂಸಲು ಹಿಡಿದದ್ದಾದರೆ ಉಗುಳಿ, ತಂದವನ ಮನೆತನವನ್ನೇ ವಿಚಾರಿಸುತ್ತಾನೆ. ಗಿರಾಕಿಗಳ ಕ್ಷೇಮ ಕೇಳುವವನಲ್ಲ, "ಸೆಗಣಿ ಹ್ಯಾಂಗ ಅದರಿ?" ಎನ್ನುತ್ತಾನೆ. ಕಮಲಾಪುರದ ನಾಗರತ್ನಾ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದು, ಹಿಂಡಿ ಬದಲಿಗೆ ಒಂದು ಚೀಲ ತೊಗರಿ ನುಚ್ಚು ಕೇಳಿದರೆ ಐದೇ ಕಿಲೋ ಕಟ್ಟಿಕೊಟ್ಟ. "ಕೂಸಿಗಿ ಮೊದಲನೇ ದಿನಾನೇ ತಾಟ್ ತುಂಬ ಅನ್ನ ಉಣಿಸ್ತೀ ಏನವ್ವಾ? ಎಮ್ಮಿಗೂ ದಿನಕ್ಕೊಂದು ಮುಷ್ಟಿ ಏರಿಸ್ಕೋತ ಹೋಗು." ಹಾಲು ಬೇಗ ಹೆಚ್ಚಲೆಂದು ಅವಳು ಐದೂ ಕಿಲೋ ಒಮ್ಮೆಲೇ ಸುರಿದಳು. ಮನೆಗಿದ್ದದ್ದು ಅದೊಂದೇ ಎಮ್ಮೆ, ಕೂಸು ಕುಡಿಯುವುದು ಅದರದೇ ಹಾಲು. ಮರುದಿನ ಎಮ್ಮೆ ಹೊಟ್ಟೆ ಉಬ್ಬಿಸಿಕೊಂಡು, ಮೆಲುಕು ಬಿಟ್ಟು ನಿಂತಿತ್ತು. ಫೋನು ಹೋದದ್ದೇ ತಡ, ಜಗದೇವಪ್ಪ ಅಂಗಡಿಗೆ ಬೀಗ ಜಡಿದು ಬಸ್ಸು ಹಿಡಿದು ಬಂದ. ದನದ ಡಾಕ್ಟರು ಆಗಲೇ ಔಷಧ ಕುಡಿಸಿ ಹೋಗಿದ್ದರು. "ಕಾಕಾ, ಬೈಬ್ಯಾಡ್ರಿ," ಎಂದಳು ನಾಗರತ್ನಾ. "ಬೈಯೋದು ನಾಳಿಗಿ," ಎಂದವನು ಎಮ್ಮೆಯ ಎಡಪಕ್ಕೆಗೆ ಕಿವಿ ಹಚ್ಚಿ ನಿಂತ. ಅವಳು ಬಿಸಿ ರೊಟ್ಟಿ ತಂದಿಟ್ಟಳು. "ತಡಿಯವ್ವಾ, ಮೊದಲ ಆಕಿ ಮೆಲುಕ ಹಾಕಲಿ." ಸಂಜೆ ಎಮ್ಮೆಯ ದವಡೆ ಮೆಲ್ಲಗೆ ಅಲುಗಿದ ಮೇಲೆಯೇ ಅವನು ಆ ಆರಿದ ರೊಟ್ಟಿ ಮುರಿದದ್ದು.