ಒಂದು ಇಂಕ್ ಪ್ಯಾಡ್, ನಲವತ್ತಮೂರು ಹೆಬ್ಬೆಟ್ಟು

೨೦೨೦ರ ಜೂನ್ ತಿಂಗಳ ಒಂದು ಶುಕ್ರವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಆ ಫೋನು ಬಂತು. ನಾನಾಗ ಮೂಡಲಗಿ ಭಾಗದಲ್ಲಿ ಸಹಾಯಕ ತೋಟಗಾರಿಕೆ ಅಧಿಕಾರಿ. ಆ ಕಡೆ ಆರೋಗ್ಯ ಇಲಾಖೆಯವರು.

"ನಿನ್ನೆ ಕುಲಗೋಡದಾಗ ನಿಮ್ಮ ಕಡೆ ಅರ್ಜಿ ಕೊಟ್ಟ ಶಿವಪ್ಪಗ ಪಾಸಿಟಿವ್ ಬಂದೈತ್ರಿ. ಅವನ ಜೋಡಿ ಯಾರ್ಯಾರು ಇದ್ರು?"

ಅವನಲ್ಲದೆ ಇದ್ದವರು ನಲವತ್ತೆರಡು ಜನ ರೈತರು, ಮತ್ತು ನಾನು.

ಆ ಬೇಸಿಗೆ ಲಾಕ್‌ಡೌನಿನಲ್ಲಿ ಸಂತೆ, ಮದುವೆ, ಗುಡಿ ಎಲ್ಲ ಬಂದ್ ಆಗಿ ಚೆಂಡುಹೂವನ್ನು ಕೇಳುವವರಿರಲಿಲ್ಲ. ಅರಳಿ ನಿಂತ ಹೊಲದಲ್ಲೇ ಜನ ಟ್ರ್ಯಾಕ್ಟರ್ ಹೊಡೆಸಿದ್ದರು. ಹೂ ಬೆಳೆಗಾರರಿಗೆ ಸರಕಾರ ಹೆಕ್ಟೇರಿಗೆ ಇಪ್ಪತ್ತೈದು ಸಾವಿರ ಪರಿಹಾರ ಘೋಷಿಸಿತ್ತು. ಒಂದು ಹೆಕ್ಟೇರಿನ ಮಿತಿ. ಬೆಳೆ ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋದವರು ಅರ್ಜಿ ಕೊಡಬೇಕಿತ್ತು. "ಗುರುವಾರ ಬಾರದವರ ಅರ್ಜಿ ಇಲ್ಲ" ಎಂದು ಊರಲ್ಲಿ ಡಂಗುರ ಸಾರಿಸಿದವನು ನಾನೇ.

ಶಾಲೆಯ ಜಗುಲಿಯಲ್ಲಿ ಜನ ದೂರ ದೂರ ನಿಲ್ಲಲೆಂದು ಸುಣ್ಣದ ವೃತ್ತ ಹಾಕಿಸಿದ್ದೆ, ಸ್ಯಾನಿಟೈಸರ್ ಇಟ್ಟಿದ್ದೆ. ಆದರೆ ಒಬ್ಬ ಹಿರಿಯರು, "ಸಹಿ ಒಂಚೂರು ಹೆಚ್ಚುಕಮ್ಮಿ ಆದ್ರ ಬ್ಯಾಂಕಿನವ್ರು ತಿರುಗಿ ಕಳಸ್ತಾರ. ಹೆಬ್ಬೆಟ್ಟು ಪಕ್ಕಾ ನೋಡ್ರಿ" ಎಂದರು. ಸಹಿ ಬರುವವರೂ ಹೆಬ್ಬೆಟ್ಟಿಗೇ ನಿಂತರು. ಬೇಗ ಮುಗಿಯುತ್ತದೆಂದು ನಾನೂ ಒಪ್ಪಿದೆ. ಪ್ಯಾಡ್ ಇದ್ದದ್ದು ಒಂದೇ. ಒತ್ತಿದವರೆಲ್ಲ ರೂಢಿಯಂತೆ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡರು. ಶಿವಪ್ಪನ ಹಿಂದೆ ಇದ್ದವರು ಮಲ್ಲವ್ವ, ಅರವತ್ತೆಂಟು ವಯಸ್ಸು, ದಮ್ಮಿನ ಕಾಯಿಲೆ.

"ಹೂವು ಮುಡಿಯೋ ತಲಿಗೆ ಮಸಿ ಮುಡಿಸಿದ್ರಲ್ರಿ ಸಾಹೇಬ್ರ!" ಎಂದರು. ಜಗುಲಿ ತುಂಬ ನಗು. ಮಾಸ್ಕ್ ಕೆಳಗಿಳಿಸಿ ನಾನೂ ನಕ್ಕೆ.

ಶಿವಪ್ಪ ಕೊಲ್ಹಾಪುರದಿಂದ ಬಂದು, ಗಂಟಲು ದ್ರವ ಕೊಟ್ಟು, ವರದಿ ಬರುವವರೆಗೆ ತೋಟದ ಮನೆಯಲ್ಲಿ ಒಬ್ಬನೇ ಇರಬೇಕಾದವನು. ಸಿಟ್ಟಿನಿಂದ ಫೋನು ಮಾಡಿ ಯಾಕೆ ಬಂದೆ ಎಂದು ಕೇಳಿದೆ.

"ಗುರುವಾರ ಬರಲಿಲ್ಲಂದ್ರ ಅರ್ಜಿ ಇಲ್ಲ ಅಂದವ್ರು ನೀವ ಅಲ್ರಿ ಸಾಹೇಬ್ರ? ನಾ ಏನ್ ಮಾಡ್ಲಿ?"

ಫೋನು ಇಟ್ಟು ಆರೋಗ್ಯ ಇಲಾಖೆಯವರಿಗೆ ಹೆಸರುಗಳ ಪಟ್ಟಿ ಕೊಟ್ಟೆ. ಶಿವಪ್ಪನನ್ನು ಗೋಕಾಕ ಆಸ್ಪತ್ರೆಗೆ ಒಯ್ದರು. ಉಳಿದ ನಮ್ಮನ್ನೆಲ್ಲ ಒಂದು ವಸತಿ ನಿಲಯದಲ್ಲಿ ಹದಿನಾಲ್ಕು ದಿನ ಇಟ್ಟರು. ಗೋಡೆಯಾಚೆ ಹೆಂಗಸರ ಕೋಣೆ. ಮಲ್ಲವ್ವ ಕೆಮ್ಮಿದಾಗಲೆಲ್ಲ ಪ್ಯಾಡಿನ ಮೇಲೆ ಒಂದರ ಹಿಂದೊಂದು ಇಳಿದ ಆ ಎರಡು ಹೆಬ್ಬೆರಳು ಕಣ್ಣಿಗೆ ಕಟ್ಟುತ್ತಿದ್ದವು. ಐದನೆಯ ದಿನ ಅವರಿಗೆ ಜ್ವರ ಬಂತು. ಆಂಬ್ಯುಲೆನ್ಸ್ ಹತ್ತುವಾಗ ಅವರು ನನ್ನ ಕಿಟಕಿಯತ್ತ ತಿರುಗಿ, "ಅರ್ಜಿ ಗೋಕಾಕಕ್ಕ ಮುಟ್ಟಿದಾವೇನ್ರಿ?" ಎಂದು ಕೇಳಿದರು. ಮುಟ್ಟಿವೆ ಎಂದೆ. ಅವು ಇನ್ನೂ ಕಚೇರಿಯಲ್ಲಿ ನನ್ನ ಮೇಜಿನ ಮೇಲಿದ್ದವು. ಸಹೋದ್ಯೋಗಿಯನ್ನು ಕಾಡಿ ಬೇಡಿ ಅಂದೇ ನಮ್ಮ ಗೋಕಾಕ ಕಚೇರಿಗೆ ಕಳಿಸಿದೆ.

ಮಲ್ಲವ್ವನ ವರದಿ ನೆಗೆಟಿವ್ ಬಂತು. ಶಿವಪ್ಪನೂ ಗುಣವಾದ. ಹದಿನಾಲ್ಕನೆಯ ದಿನ ನಮ್ಮನ್ನು ಬಿಟ್ಟಾಗ, ಆಸ್ಪತ್ರೆಯಿಂದ ಮರಳಿದ್ದ ಮಲ್ಲವ್ವ ಗೇಟಿನಲ್ಲಿ ನಿಂತಿದ್ದರು.

"ಇನ್ನೊಮ್ಮೆ ಬಂದ್ರ ಮಸಿ ಬ್ಯಾಡ್ರಿ ಸಾಹೇಬ್ರ. ನನಗ ಸಹಿ ಮಾಡಾಕ ಬರ್ತೈತಿ."

ಈಗಲೂ ಚೆಂಡುಹೂವಿನ ವಾಸನೆ ಬಂದರೆ ಆ ಜಗುಲಿಯ ನಗು ಕೇಳುತ್ತದೆ, ಅದರ ಹಿಂದೆಯೇ ಆ ಕೆಮ್ಮು. ಆಮೇಲೆ ಯಾವ ಊರಲ್ಲಿ ಕೊನೆಯ ದಿನ ಸಾರಿಸಿದರೂ, ಬರಲಾಗದವರು ಒಂದು ಫೋನು ಮಾಡಿದರೆ ಸಾಕು, ನಾವೇ ಬರುತ್ತೇವೆ ಎಂದು ಸೇರಿಸುತ್ತಾ ಬಂದೆ. ಸರಕಾರದ ದುಡ್ಡು ಬೇಕಾದವನು ತನ್ನ ಜ್ವರವನ್ನೂ ಮುಚ್ಚಿಟ್ಟುಕೊಂಡು ಬರುತ್ತಾನೆ. ಮುಚ್ಚಿಡಬೇಕಾದ ಪ್ರಸಂಗ ತರದಿರುವುದು ನಮ್ಮ ಕೆಲಸ.

ವಸತಿ ನಿಲಯದಿಂದ ಬಿಟ್ಟ ದಿನ ಮನೆಗೆ ಬಂದು ನಿಶ್ಚಿಂತೆಯಿಂದ ಮಲಗಿದವನಿಗೆ ಎಚ್ಚರವಾದಾಗ ಮರುದಿನದ ಬಿಸಿಲು ಹಾಸಿಗೆಯ ಮೇಲಿತ್ತು.