ಕುಂಕುಮವಿಲ್ಲದ ಟೇಬಲ್

ಇವತ್ತು ಬೆಳಿಗ್ಗೆ ಆಫೀಸಿಗೆ ಹೊರಟಾಗ ಗೋವಿಂದರಾಜನಗರದ ಒಂದು ಗ್ಯಾರೇಜಿನ ಮುಂದೆ ಸ್ಕೂಟರ್ ಜಾರಿ, ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಆಗಷ್ಟೇ ಯಾರೋ ಬೂದುಗುಂಬಳಕಾಯಿ ಒಡೆದಿದ್ದರು. ರಸ್ತೆಯ ಮೇಲೆಲ್ಲ ಬಿಳಿ ತಿರುಳು, ಕುಂಕುಮದ ಕೆಂಪು ನೀರು. ಕಾಲೂರಿ ನಿಂತಾಗ ಹಸಿ ಕುಂಬಳದ ವಾಸನೆ ಮೂಗಿಗೆ ಬಡಿಯಿತು, ಅದರೊಳಗೆ ಗ್ರೀಸಿನದೂ ಚೆಂಡುಹೂವಿನದೂ ಬೆರೆತಿತ್ತು. ಈ ಮೂರೂ ಒಟ್ಟಿಗೆ ಸಿಗುವುದು ಆಯುಧಪೂಜೆಯಲ್ಲಿ ಮಾತ್ರ. "ನೋಡ್ಕೊಂಡು ಹೋಗಿ ಆಂಟಿ," ಎಂದ ಗ್ಯಾರೇಜಿನವನು. ಅವನ ತಲೆಯಲ್ಲಿ ನನಗಿಂತ ಹೆಚ್ಚು ಬಿಳಿಕೂದಲಿತ್ತು. ಬೇರೆ ದಿನವಾಗಿದ್ದರೆ ಆ ಆಂಟಿಗೆ ತಕ್ಕ ಉತ್ತರ ಕೊಡದೆ ಮುಂದೆ ಹೋಗುತ್ತಿರಲಿಲ್ಲ. ಇವತ್ತು ಸ್ಕೂಟರನ್ನು ಬದಿಗೆ ತಳ್ಳಿ ನಿಲ್ಲಿಸಿದೆ. ಡಿಸ್ಪ್ಯಾಚ್ ಸಾರ್ ನೆನಪಾಗಿಬಿಟ್ಟಿದ್ದರು…

ಬಿ.ಕಾಂ. ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಕಾಮಾಕ್ಷಿಪಾಳ್ಯದ ಒಂದು ರಟ್ಟಿನ ಡಬ್ಬದ ಕಾರ್ಖಾನೆಗೆ. ಬಿಸ್ಕತ್ತಿನವರು, ಸೋಪಿನವರು, ಚಪ್ಪಲಿಯವರು ಸಾಮಾನು ತುಂಬಿ ಅಂಗಡಿಗಳಿಗೆ ಕಳಿಸುತ್ತಾರಲ್ಲ, ಆ ಡಬ್ಬಗಳು. ಕೆಳಗೆ ಮೆಷಿನ್ನುಗಳ ಸದ್ದು, ಬಿಸಿ ಗೋಂದಿನ ಹಬೆ. ಮೇಲೆ, ಕಿಟಕಿಯಿಲ್ಲದ ಕೋಣೆಯಲ್ಲಿ ಅಕೌಂಟ್ಸ್ ನೋಡುವ ನಾನು. ರೋಲಿಂಗ್ ಶಟರ್‌ನ ಪಕ್ಕ ಒಂದು ಕಬ್ಬಿಣದ ಟೇಬಲ್ ಇತ್ತು, ಅದು ಅವರದು. ಮಾಲು ಹೊರಗೆ ಕಳಿಸುವುದು ಅವರ ಕೆಲಸ. ಹಾಗಾಗಿ ಯಜಮಾನರಿಂದ ಹಿಡಿದು ಟೆಂಪೊ ಡ್ರೈವರ್‌ಗಳ ತನಕ ಎಲ್ಲರ ಬಾಯಲ್ಲೂ ಡಿಸ್ಪ್ಯಾಚ್ ಸಾರ್. "ನಾವು ಖಾಲಿ ಡಬ್ಬ ಮಾಡೋರು ಕಣಮ್ಮ, ತುಂಬ್ಕೊಳ್ಳೋರು ಬೇರೆ," ಎಂದು ನಾನು ಸೇರಿದ ದಿನವೇ ಹೇಳಿದ್ದರು. ನಗುತ್ತಲೇ ಹೇಳಿದ್ದರು.

ಅವರು ನಿಲ್ಲುವ ರೀತಿಯೇ ಬೇರೆ. ಬೆನ್ನು ನೆಟ್ಟಗೆ, ಕಾಲು ಅಗಲ, ಕೈ ಹಿಂದೆ. ಸಂಜೆ ಹೊತ್ತಿಗೆ ನಾವೆಲ್ಲ ಬಾಡಿದ ಸೊಪ್ಪಿನ ಹಾಗಾಗಿರುತ್ತಿದ್ದೆವು, ಅವರು ಬೆಳಿಗ್ಗೆ ಬಂದಂತೆಯೇ ಮನೆಗೆ ಹೋಗುತ್ತಿದ್ದರು. ಬಿ.ಪಿ.ಎಡ್. ಮಾಡಿಕೊಂಡವರು. ಸರ್ಕಾರಿ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಬೇಕು ಎನ್ನುವುದೊಂದೇ ಆಸೆ. ನೇಮಕಾತಿ ಕರೆಯುವ ತನಕ, ಒಂದೆರಡು ತಿಂಗಳು ಎಂದು ಈ ಕಾರ್ಖಾನೆಗೆ ಬಂದಿದ್ದರು. ಕರೆಯುತ್ತಾರಂತೆ, ಕರೆಯುತ್ತಾರಂತೆ ಎಂದು ಸುದ್ದಿ ಹುಟ್ಟುತ್ತಿತ್ತು, ಸಾಯುತ್ತಿತ್ತು. ಒಂದೆರಡು ತಿಂಗಳು ಎಷ್ಟೋ ವರ್ಷವಾಗಿತ್ತು. ನಡುವೆ ಒಂದು ಪ್ರೈವೇಟ್ ಸ್ಕೂಲಿಗೂ ಹೋಗಿ ವಾಪಸ್ ಬಂದಿದ್ದರಂತೆ. "ಗ್ರೌಂಡೇ ಇಲ್ಲ ಕಣಮ್ಮ ಅಲ್ಲಿ. ಟೆರೇಸ್ ಮೇಲೆ ಡ್ರಿಲ್ಲು, ಬೆಳಿಗ್ಗೆ ಗೇಟ್ ಹತ್ರ ನಿಂತು ಕಾರು ತಿರುಗಿಸೋದು. ಅದಕ್ಕಿಂತ ಡಬ್ಬ ವಾಸಿ."

ಮನೆ ಹೇರೋಹಳ್ಳಿಯ ಹಳೇ ಊರಿನೊಳಗೆ. ಅವರಪ್ಪ ಜಮೀನನ್ನು ಬೆಲೆ ಬರುವ ಮೊದಲೇ ಮಾರಿ ಮುಗಿಸಿದ್ದರು. ಒಂದು ಕಾಲಕ್ಕೆ ತಮ್ಮದೇ ರಾಗಿ ಹೊಲವಾಗಿದ್ದ ಯಾರದೋ ಖಾಲಿ ಸೈಟಿನಲ್ಲಿ ಅವರು ಬೆಳಿಗ್ಗೆ ಊರ ಹುಡುಗರಿಗೆ ಕಬಡ್ಡಿ ಹೇಳಿಕೊಡುತ್ತಿದ್ದರು. ಅಲ್ಲಿಂದ ನೇರ ಕೆಲಸಕ್ಕೆ. ಪ್ಯಾಂಟಿನ ಅಂಚಿನಲ್ಲಿ ಆ ಕೆಂಪು ಮಣ್ಣು ಇದ್ದೇ ಇರುತ್ತಿತ್ತು.

ಬೀಗದ ಕೈ ಗೊಂಚಲಿನಲ್ಲಿ ಕೆಂಪು ದಾರ ಕಟ್ಟಿದ ಸ್ಟೀಲ್ ವಿಶಲ್ ಒಂದಿತ್ತು. ಓದುವಾಗ ಕೊಂಡದ್ದು. ಟೆಂಪೊ ರಿವರ್ಸ್ ತೆಗೆಸುವಾಗ, "ಅದನ್ನಾದ್ರೂ ಊದಿ ಸಾರ್, ಗಂಟ್ಲು ಯಾಕೆ ಹರ್ಕೋತೀರಾ," ಎಂದು ಡ್ರೈವರ್‌ಗಳು ಅಂಗಲಾಚುತ್ತಿದ್ದರು. ಇವರು ಕೇಳುತ್ತಿರಲಿಲ್ಲ. ಗಾಡಿಯ ಮೈಗೆ ಅಂಗೈಯಿಂದ ಬಡಿದು, "ಬರ್ಲಿ… ಬರ್ಲಿ… ಸಾಕೂ!" ಎಂದು ಕೂಗುತ್ತಿದ್ದರು. "ಇದು ಗ್ರೌಂಡಲ್ಲಿ ಊದೋದು ಕಣಯ್ಯ, ಗೋಡೌನಲ್ಲಲ್ಲ," ಎನ್ನುವುದು ಅವರ ಉತ್ತರ.

ಮಧ್ಯಾಹ್ನ ಕೆಳಗೆ, ರಟ್ಟಿನ ಹಾಳೆಗಳ ಮೇಲೆ ಕೂತು ನಾವೆಲ್ಲ ಒಟ್ಟಿಗೆ ಊಟ ಮಾಡುತ್ತಿದ್ದೆವು. ಕೆಲಸವನ್ನು ಬಯ್ಯುವುದೇ ನಮ್ಮ ಊಟಕ್ಕೆ ಉಪ್ಪಿನಕಾಯಿ. ಗೋಂದು ಹಚ್ಚುವ ಅಕ್ಕ ಸಿಪ್ಪೆ ಎದ್ದ ಬೆರಳುಗಳನ್ನು ತೋರಿಸಿ ಬಯ್ಯುತ್ತಿದ್ದಳು. ಮೆಷಿನ್ ನಡೆಸುವ ಅಣ್ಣ ಮೆಷಿನ್ನಿಗೆ, ಯಜಮಾನರಿಗೆ, ತನ್ನ ಹಣೆಬರಹಕ್ಕೆ, ಆ ಕ್ರಮದಲ್ಲಿ ಬಯ್ಯುತ್ತಿದ್ದ. ನಾನೂ ಏನೂ ಕಡಿಮೆಯಿರಲಿಲ್ಲ. ನನಗೆ ಏನಾಗಬೇಕೆಂದು ಗೊತ್ತಿರಲಿಲ್ಲ, ಇದು ಬೇಡ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಎಲ್ಲರಿಗೂ ಕೆಲಸ ಬಾಯೊಳಗಿನ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮುಂದಿನ ತಿಂಗಳು ಬಿಟ್ಟೇಬಿಡ್ತೀನಿ ಎಂದು ದಿನಕ್ಕೊಬ್ಬರು ಶಪಥ ಮಾಡಿ, ಕೈ ತೊಳೆದು, ಮತ್ತೆ ಅದೇ ಜಾಗಕ್ಕೆ ಹೋಗುತ್ತಿದ್ದರು. ಡಿಸ್ಪ್ಯಾಚ್ ಸಾರ್ ಒಬ್ಬರೇ ಬಯ್ಯುತ್ತಿರಲಿಲ್ಲ. ಯಾಕೆ ಸಾರ್ ಎಂದು ಒಮ್ಮೆ ಕೇಳಿದ್ದಕ್ಕೆ, "ಬಿಟ್ಟೋಗೋನು ಯಾಕಮ್ಮ ಬಯ್ಬೇಕು? ಇರೋರು ಬಯ್ಕೊಳ್ಳಿ," ಎಂದಿದ್ದರು.

ಆಯುಧಪೂಜೆ ಬಂತೆಂದರೆ ಅದೇ ಕಾರ್ಖಾನೆ ಗುರುತು ಸಿಗದಂತಾಗುತ್ತಿತ್ತು. ವರ್ಷವಿಡೀ ಮೆಷಿನ್ನಿನ ವಂಶವನ್ನೆಲ್ಲ ಬಯ್ಯುತ್ತಿದ್ದ ಅಣ್ಣ ಅವತ್ತು ಅದನ್ನು ಮಗುವಿಗೆ ಸ್ನಾನ ಮಾಡಿಸಿದಂತೆ ಒರೆಸಿ, ಮೂರು ಬೆರಳಲ್ಲಿ ವಿಭೂತಿ ಬಳಿದು, ಕುಂಕುಮ ಇಟ್ಟು, ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದ. ಗೋಂದಿನ ಅಕ್ಕ ಬ್ರಷ್ಷಿಗೂ ಬಕೆಟ್ಟಿಗೂ ಹೂವು ಮುಡಿಸುತ್ತಿದ್ದಳು. ಬಾಗಿಲಿಗೆ ಬಾಳೆಕಂಬ, ಟೆಂಪೊ ಚಕ್ರದ ಕೆಳಗೆ ನಿಂಬೆಹಣ್ಣು, ಆಮೇಲೆ ಎಲ್ಲರಿಗೂ ಕಡ್ಲೇಪುರಿ ಮತ್ತು ಸ್ವೀಟ್ ಬಾಕ್ಸು. ಡಿಸ್ಪ್ಯಾಚ್ ಸಾರ್‌ಗೆ ಮಾತ್ರ ಸರಿಯಾಗಿ ಆ ಹೊತ್ತಿಗೇ ಹೊರಗೆ ಏನಾದರೂ ಕೆಲಸ ಬರುತ್ತಿತ್ತು. ಮಂಗಳಾರತಿ ಮುಗಿದ ಮೇಲೆ ಬರುತ್ತಿದ್ದರು. ಅವರ ಟೇಬಲ್ಲನ್ನು ಮುಟ್ಟಕೂಡದೆಂದು ಎಲ್ಲರಿಗೂ ಹೇಳಿಯಾಗಿತ್ತು. ಆ ಮನುಷ್ಯನಿಗೆ ದೇವರು ದಿಂಡರು ಇಲ್ಲ ಎಂದು ಅಕ್ಕನ ತೀರ್ಮಾನ, ಕೊಬ್ಬು ಎಂದು ಅಣ್ಣನದು.

ನಾನು ಬಾಯಿ ಕಟ್ಟಿಕೊಂಡು ಇರುವವಳಲ್ಲ. ಮೊದಲ ವರ್ಷವೇ ಕಡ್ಲೇಪುರಿ ಮೆಲ್ಲುತ್ತ ಅವರ ಹತ್ತಿರ ಹೋದೆ. "ಏನ್ ಸಾರ್ ಇದು? ಬಾತ್‌ರೂಮ್ ಬಾಗ್ಲಿಗೂ ಹೂವ ಇಟ್ಟಿದಾರೆ, ನಿಮ್ ಟೇಬಲ್ ಒಂದೇ ಬೋಳು ಬೋಳು."

"ಕುಂಕುಮ ಇಟ್ರೆ ನಂದಾಗೋಗುತ್ತೆ ಕಣಮ್ಮ," ಎಂದರು.

ನಾನು ಜೋರಾಗಿ ನಕ್ಕೆ. ಅವರು ನಗಲಿಲ್ಲ. ಗೊಂಚಲನ್ನು ಜೇಬಿನಿಂದ ತೆಗೆದು ತೋರಿಸಿದರು. ವಿಶಲ್ ಮೇಲೆ ಸಣ್ಣಗೆ ಕುಂಕುಮವಿತ್ತು. "ಮನೇಲಿ ಇದಕ್ಕೆ ಪೂಜೆ ಮಾಡ್ಕೊಂಡೇ ಬಂದಿದೀನಿ. ಇದು ನಂದು. ಆ ಟೇಬಲ್ ಯಾರದೋ."

ನನ್ನ ಮೂರನೇ ವರ್ಷವೋ ಏನೋ, ಬೇಸಿಗೆಯಲ್ಲಿ ಮತ್ತೆ ಸುದ್ದಿ ಬಂತು. ಈ ಸಲ ನಿಜವಾಗಿಯೂ ಕರೆಯುತ್ತಾರಂತೆ. ಸಾರ್ ಬದಲಾಗಿಹೋದರು. ಮಂಡಿಗೆ ಪಟ್ಟಿ ಕಟ್ಟಿಕೊಂಡು ನಸುಕಿನಲ್ಲಿ ಓಡುತ್ತಿದ್ದರಂತೆ. ಊಟದ ಹೊತ್ತಿನಲ್ಲಿ ಗೋಡೆಗೊರಗಿ ಓದುತ್ತಿದ್ದರು, ನನ್ನ ಕೈಯಲ್ಲಿ ಪುಸ್ತಕ ಕೊಟ್ಟು ಪ್ರಶ್ನೆ ಕೇಳು ಎನ್ನುತ್ತಿದ್ದರು. ಖೊಖೊ ಅಂಕಣದ ಅಳತೆ ನನಗೂ ಬಾಯಿಪಾಠವಾಗಿತ್ತು. "ಆರ್ಡರ್ ಬಂದ ದಿನ ಎಲ್ರಿಗೂ ಒಬ್ಬಟ್ಟಿನ ಊಟ, ಇಲ್ಲೇ, ಇದೇ ರಟ್ಟಿನ ಮೇಲೆ," ಎನ್ನುತ್ತಿದ್ದರು. ಅಣ್ಣ ಕೂಡ ಬಯ್ಯುವುದನ್ನು ಮರೆತು, ಒಬ್ಬಟ್ಟಿಗೆ ತುಪ್ಪ ಎಷ್ಟಿರಬೇಕೆಂದು ಚರ್ಚೆ ಮಾಡುತ್ತಿದ್ದ. ನಮ್ಮಲ್ಲಿ ಒಬ್ಬರಾದರೂ ಇಲ್ಲಿಂದ ಹೊರಗೆ ಹೋಗುತ್ತಾರೆ ಎನ್ನುವುದು ಎಲ್ಲರಿಗೂ ಬೇಕಾಗಿತ್ತು.

ಕರೆದರು. ಆದರೆ ವಯೋಮಿತಿ ಸಾರ್‌ಗೆ ಕೆಲವೇ ತಿಂಗಳ ಅಂತರದಲ್ಲಿ ಮೀರಿಹೋಗಿತ್ತು. ವಿನಾಯಿತಿ ಕೊಡುತ್ತಾರೆಂದು ಯಾರೋ ಹೇಳಿದರು, ರಜ ಹಾಕಿ ಅಲೆದರು, ಧರಣಿಯಲ್ಲಿ ಕೂತು ಬಂದರು. ಏನೂ ಆಗಲಿಲ್ಲ. ಒಂದು ಮಧ್ಯಾಹ್ನ ಎದುರಿನ ಟೀ ಅಂಗಡಿಯಲ್ಲಿ ನನಗೆ ಹೇಳಿದರು. "ಆಗೋಯ್ತು ಕಣಮ್ಮ. ನಂಗೆ ವಯಸ್ಸಾಗೋಯ್ತಂತೆ."

ಅವರು ಆಗಲೂ ನೆಟ್ಟಗೇ ನಿಂತಿದ್ದರು. ಬೇರೆ ಏನಾದರೂ ನೋಡಬಹುದಲ್ಲ ಸಾರ್ ಎಂದೆ.

"ಬೇರೆ ಏನ್ ಬರುತ್ತೆ ನಂಗೆ? ಮಕ್ಕಳನ್ನ ಆಡ್ಸೋದು ಬರುತ್ತೆ. ಟೆಂಪೊ ತುಂಬಿಸೋದು ಬರುತ್ತೆ." ಜೇಬಿನಲ್ಲಿದ್ದ ಗೊಂಚಲನ್ನು ಮುಟ್ಟಿಕೊಂಡು, "ಅವರು ಕರಿಯೋದು ತಡ ಮಾಡಿದ್ರೆ ನಂಗೆ ವಯಸ್ಸಾಗೋದು ನಿಲ್ಲುತ್ತೇನಮ್ಮ?" ಎಂದರು. ಟೀ ಆರಿಹೋಗಿತ್ತು. ಹಾಗೇ ಇಟ್ಟು ಬಂದೆವು.

ಆ ವರ್ಷದ ಆಯುಧಪೂಜೆಗೆ ಕಾರ್ಖಾನೆಗೆ ಎಲ್ಲರಿಗಿಂತ ಮೊದಲು ಬಂದವರು ಅವರು. ನಾನು ಹೋದಾಗ ತೋಳು ಮಡಚಿ ಟೇಬಲ್ಲನ್ನು ಸೋಪು ಹಾಕಿ ಉಜ್ಜುತ್ತಿದ್ದರು. ಒಣ ಬಟ್ಟೆಯಲ್ಲಿ ಒರೆಸಿದರು. ವಿಭೂತಿ ಬಳಿದರು. ಅಕ್ಕನ ತಟ್ಟೆಯಿಂದ ಕುಂಕುಮ ತೆಗೆದುಕೊಂಡು ನಾಲ್ಕೂ ಮೂಲೆಗೆ ಇಟ್ಟರು, ತೂಕದ ಮೆಷಿನ್ನಿಗೆ ಇಟ್ಟರು, ಶಟರ್‌ಗೆ ಇಟ್ಟರು. ಅಣ್ಣ ಕೇಕೆ ಹಾಕಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಯಜಮಾನರಿಗಂತೂ ಹಿಡಿಸಲಾರದಷ್ಟು ಸಂತೋಷ. "ಈಗ ನೋಡಯ್ಯ ನೀನು ನಮ್ಮೋನಾದೆ," ಎಂದು ಮೊದಲ ಸ್ವೀಟ್ ಬಾಕ್ಸನ್ನು ಅವರ ಕೈಗೇ ಕೊಟ್ಟರು. ಸಾರ್ ನಕ್ಕರು, ಎಲ್ಲರ ಜೊತೆಗೂ ನಕ್ಕರು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನಾನು ಕೈಯಲ್ಲಿದ್ದ ಕಡ್ಲೇಪುರಿಯನ್ನು ತಟ್ಟೆಗೇ ವಾಪಸ್ ಹಾಕಿದೆ.

ಪೂಜೆಯಾದ ಟೆಂಪೊವನ್ನು ಲೋಡಿಗೆ ಹಿಂದೆ ತೆಗೆಸಬೇಕಿತ್ತು. ಸಾರ್ ಶಟರ್ ಹತ್ತಿರ ನಿಂತು ಜೇಬಿನಿಂದ ಗೊಂಚಲು ತೆಗೆದರು. ವಿಶಲ್ ಬಾಯಿಗಿಟ್ಟು ಊದಿದರು. ನಾನು ಅದರ ಸದ್ದು ಕೇಳಿದ್ದು ಅವತ್ತೇ ಮೊದಲು. ದೊಡ್ಡ ಬಯಲಿಗೆಂದು ಮಾಡಿದ ಸದ್ದು ಅದು, ಆ ತಗಡಿನ ಸೂರಿನ ಕೆಳಗೆ ಕಿವಿ ಹರಿಯುವ ಹಾಗಿತ್ತು. ಅಕ್ಕ ಎರಡೂ ಕಿವಿ ಮುಚ್ಚಿಕೊಂಡಳು. ಆಮೇಲೆ ಟೆಂಪೊ ಹಿಂದೆ ಬಂತು, ಲೋಡ್ ಶುರುವಾಯಿತು…

ಹಬ್ಬ ಮುಗಿದ ಮೇಲೆ ಮೊದಲ ಊಟದ ಹೊತ್ತಿಗೆ ಅವರು ಡಬ್ಬಿ ಬಿಚ್ಚುತ್ತಲೇ ಕೆಲಸವನ್ನು ಬಯ್ದರು. ಟ್ರಾನ್ಸ್‌ಪೋರ್ಟಿನವರನ್ನು, ಧೂಳನ್ನು, ಯಜಮಾನರ ಬುದ್ಧಿಯನ್ನು. ಅಣ್ಣನಿಗಿಂತ ಚೆನ್ನಾಗಿ ಬಯ್ದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಸಾರ್ ಈಗ ಸರಿಹೋದರು ಎಂದರು. ನನಗೆ ಹಾಗನ್ನಿಸಲಿಲ್ಲ. ದಿನಾ ವಿಶಲ್ ಕೇಳಿಸುತ್ತಿತ್ತು, ಮೇಲಿನ ಕೋಣೆಯಲ್ಲಿ ಕೂತ ನನ್ನ ಕೈ ಪ್ರತಿ ಸಲವೂ ನಿಲ್ಲುತ್ತಿತ್ತು. ಹೇರೋಹಳ್ಳಿಯ ಆ ಸೈಟಿನಲ್ಲಿ ಯಾರೋ ಪಾಯ ತೆಗೆದರು. ಸಾರ್ ಬೇರೆ ಜಾಗ ಹುಡುಕಲಿಲ್ಲ. ಪ್ಯಾಂಟಿನ ಅಂಚು ಸ್ವಚ್ಛವಾಗಿತ್ತು. ನಿಲ್ಲುವುದು ಕಡಿಮೆಯಾಗಿ ಟೇಬಲ್ ಹಿಂದಿನ ಕುರ್ಚಿಯಲ್ಲಿ ಕೂರುವುದು ಹೆಚ್ಚಾಯಿತು.

ಮರುವರ್ಷ ನನಗೆ ಬಸವೇಶ್ವರನಗರದ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಹೇಳಿ ಹೋಗಲು ಕೆಳಗಿಳಿದೆ.

"ಎಷ್ಟು ದಿನಕ್ಕೆ?" ಎಂದು ಕೇಳಿದರು.

"ಸದ್ಯಕ್ಕೆ ಸಾರ್. ಬೇರೆ ಒಳ್ಳೇದು ಏನಾದ್ರೂ ಸಿಗೋವರ್ಗೂ."

ಅವರು ಕುರ್ಚಿಯಿಂದ ಎದ್ದು ನಿಂತರು. "ಹಬ್ಬದ ದಿನ ರಜ ಹಾಕಮ್ಮ. ನಿನ್ ಟೇಬಲ್ಲಿಗೆ ಯಾರ ಕೈಲೂ ಕುಂಕುಮ ಇಡಿಸ್ಬೇಡ." ಅಷ್ಟೇ ಹೇಳಿದ್ದು.

ರಜ ಹಾಕಿದೆ. ಆ ವರ್ಷ, ಮುಂದಿನ ವರ್ಷ, ಆಮೇಲೆ ಪ್ರತಿ ವರ್ಷ. ಇಲ್ಲದ ಚಿಕ್ಕಮ್ಮನೊಬ್ಬಳನ್ನು ಮೈಸೂರಿನಲ್ಲಿ ಹುಟ್ಟಿಸಿ, ದಸರೆಗೆ ಹೋಗದಿದ್ದರೆ ಆಕೆ ಬೇಜಾರು ಮಾಡಿಕೊಳ್ಳುತ್ತಾಳೆಂದು ನಂಬಿಸಿದ್ದೆ. ಬೇರೆ ಒಳ್ಳೆಯದು ಸಿಗಲಿಲ್ಲ. ಹುಡುಕುವುದನ್ನು ಯಾವಾಗ ಬಿಟ್ಟೆನೋ ನೆನಪಿಲ್ಲ. ಆದರೂ ಹಬ್ಬಕ್ಕೆ ರಜ ಹಾಕುವುದನ್ನು ಮಾತ್ರ ಬಿಡಲಿಲ್ಲ. ಅದೊಂದು ಇರುವ ತನಕ ಇಲ್ಲಿಂದ ಎದ್ದು ಹೋಗುತ್ತೇನೆ ಎಂದು ನಂಬಬಹುದಿತ್ತು.

ಹೋದ ವರ್ಷ ವಿಜಯನಗರದ ಮಾರ್ಕೆಟ್ಟಿನಲ್ಲಿ ಗೋಂದಿನ ಅಕ್ಕ ಸಿಕ್ಕಿದಳು. ಚೆಂಡುಹೂವಿಗೆ ಚೌಕಾಸಿ ಮಾಡುತ್ತಿದ್ದಳು. "ನಿಂಗೊತ್ತೇ ಇಲ್ವಾ? ಡಿಸ್ಪ್ಯಾಚ್ ಸಾರ್ ಹೋಗ್ಬಿಟ್ರು ಕಣೇ. ಟೇಬಲ್ ಹತ್ರಾನೇ ಎದೆ ಹಿಡ್ಕೊಂಡು ಕೂತ್ರಂತೆ, ಆಸ್ಪತ್ರೆಗೆ ಸೇರಿಸೋದ್ರೊಳಗೇ…" ಎಂದಳು. ಆಗಿ ಒಂದು ವರ್ಷವಾಗಿತ್ತಂತೆ. ನನಗೆ ಯಾರೂ ಹೇಳಿರಲಿಲ್ಲ. ಆ ವಿಶಲ್ ಏನಾಯಿತು ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಅಕ್ಕ ಹೂವು ತೂಗಿಸಿಕೊಂಡು ಬಸ್ಸು ಹತ್ತಿದಳು.

ಈ ವರ್ಷ ಹಬ್ಬ ಸರಿಯಾಗಿ ಆಡಿಟ್ ಗಡುವಿನ ಮೇಲೆಯೇ ಬಂದಿದೆ. ಚಿಕ್ಕಮ್ಮನ ಮಾತು ಎತ್ತಿದ್ದಕ್ಕೆ ನಮ್ಮ ಸಾಹೇಬರು, "ಈ ಸಲ ಅವರನ್ನೇ ಇಲ್ಲಿಗೆ ಕರೆಸ್ಕೊಳ್ಳಿ," ಎಂದುಬಿಟ್ಟರು. ಹೋಗಲಿ, ಪೂಜೆ ಮುಗಿದ ಮೇಲೆ ಹೋದರಾಯಿತು ಎಂದು ಬೇಕೆಂದೇ ತಡವಾಗಿ ಹೊರಟಿದ್ದೆ. ಗ್ಯಾರೇಜಿನ ಮುಂದೆಯೂ ಸಾಕಷ್ಟು ಹೊತ್ತು ನಿಂತೆ.

ಆಫೀಸಿಗೆ ಬಂದಾಗ ಕರ್ಪೂರದ ಹೊಗೆ ಇನ್ನೂ ಆರಿರಲಿಲ್ಲ. ನನ್ನ ಕಂಪ್ಯೂಟರಿನ ಮೇಲೆ ವಿಭೂತಿಯ ಮೂರು ಪಟ್ಟೆ, ನಡುವೆ ದುಂಡಗೆ ಕುಂಕುಮ, ಮೇಲೊಂದು ಸೇವಂತಿಗೆ. ಟೇಬಲ್ಲಿನ ನಾಲ್ಕೂ ಮೂಲೆಗೆ ಕುಂಕುಮ. ಪಕ್ಕದ ಟೇಬಲ್ಲಿನವಳು ಕೈಗೆ ಕಡ್ಲೇಪುರಿ ಹಾಕುತ್ತ, "ನೀವು ಬರೋದು ಲೇಟಾಯ್ತಲ್ಲಾ, ನಿಮ್ದೂ ನಾನೇ ಮಾಡ್ಬಿಟ್ಟೆ ಕಣ್ರೀ," ಎಂದಳು. ಎಷ್ಟು ಅಕ್ಕರೆಯಿಂದ ಮಾಡಿದ್ದಳೆಂದರೆ, ನನ್ನ ಕುರ್ಚಿಯ ಬೆನ್ನಿಗೂ ಇಟ್ಟಿದ್ದಳು.

ಥ್ಯಾಂಕ್ಸ್ ಎಂದೆ. ಒರೆಸಲು ಕರ್ಚೀಫು ತೆಗೆದವಳು ಹಾಗೇ ಬ್ಯಾಗಿಗೆ ಹಾಕಿಕೊಂಡೆ. ಕುಂಕುಮ ಇಟ್ರೆ ನಂದಾಗೋಗುತ್ತೆ ಎಂದು ಡಿಸ್ಪ್ಯಾಚ್ ಸಾರ್ ಅಂದು ನಗದೆ ಹೇಳಿದ ಮಾತಿಗೆ ನಾನು ಎಷ್ಟು ಜೋರಾಗಿ ನಕ್ಕಿದ್ದೆ. ಈಗ ಇದ್ದಿದ್ದರೆ ಫೋನ್ ಮಾಡಿ ಹೇಳುತ್ತಿದ್ದೆ. ಈ ಮಾತು ಅರ್ಥವಾಗುವ ಇನ್ನೊಬ್ಬರು ನನಗಿಲ್ಲ…

ರಜ ಸಿಗಲಿಲ್ಲ, ಸಾರ್.