ಸೊನ್ನೆಯಕ್ಕನ ದಂಡಯಾತ್ರೆ

ಚಕ್ರವರ್ತಿಗಳು ಕಿರೀಟವಿಲ್ಲದೆ ಹೊರಡುವುದಿಲ್ಲ. ನಮ್ಮ ಸೊನ್ನೆಯಕ್ಕ ಸೊನ್ನೆ ನೋಡದೆ ಏನನ್ನೂ ಅಳೆಯುವುದಿಲ್ಲ. ತರಕಾರಿ ಅಂಗಡಿಯಲ್ಲಿ ಮೊದಲು ಖಾಲಿ ತಕ್ಕಡಿಯ ಮುಳ್ಳು ನೋಡಬೇಕು. ಯಮನೇ ಬಂದು ಪಾಪಪುಣ್ಯ ತೂಗಹೊರಟರೂ “ಮೊದ್ಲು ಖಾಲಿ ತಟ್ಟೆ ತೋರ್ಸಯ್ಯ” ಎಂದಾಳು. ಅವನು ಬೇಸತ್ತು ಕೋಣ ತಿರುಗಿಸಿಯಾನು ಎಂಬುದು ನಮ್ಮ ಪರೀಕ್ಷಾ ಕೋಣೆಯ ನಂಬಿಕೆ.

ನಮ್ಮದು ಬ್ಯಾಟರಿಯ ಗಾಲಿಕುರ್ಚಿ ಮಾಡುವ ಕಾರ್ಖಾನೆ. ಕುರ್ಚಿಯೊಳಗೆ ಉಗುರಿನಗಲದ ಒಂದು ಚಿಪ್ ಇದೆ. ಹರಿಯುವ ಕರೆಂಟಿನ ಸಣ್ಣ ಸುಳಿವನ್ನು ಹಿಗ್ಗಿಸಿ ಹೇಳುವುದು ಅದರ ಕೆಲಸ. ಆ ಲೆಕ್ಕ ನಂಬಿ, ಬ್ಯಾಟರಿ ಎಷ್ಟು ಉಳಿದಿದೆ ಎಂದು ಪರದೆ ತೋರಿಸುತ್ತದೆ. ಅದನ್ನು ಪರೀಕ್ಷಿಸುವ ಎಂಜಿನಿಯರ್ ನಮ್ಮಕ್ಕ. ಎಷ್ಟು ಪಟ್ಟು ಹಿಗ್ಗಿಸುತ್ತದೆ, ಬಿಸಿಯಾದರೆ ಎಷ್ಟು ದಾರಿ ತಪ್ಪುತ್ತದೆ ಎಂಬುದೆಲ್ಲ ಆಮೇಲೆ. ಕರೆಂಟೇ ಇಲ್ಲದಾಗ ಏನೆನ್ನುತ್ತದೆ, ಹನಿಯಷ್ಟು ಹರಿದರೆ ಸೊನ್ನೆ ಬಿಟ್ಟು ಏಳುತ್ತದೆಯೇ ಎಂಬುದು ಮೊದಲು.

ಹೊಸ ಮ್ಯಾನೇಜರಿಗೆ ಅವಸರ. ಅಗ್ಗದ ಚಿಪ್ ತರಿಸಿ, ಸೊನ್ನೆಯ ಪರೀಕ್ಷೆಯನ್ನೇ ಕಿತ್ತುಹಾಕಿದ. ಪೂರ್ತಿ ಭಾರ ಹೊತ್ತು ಏರು ಹತ್ತುವಾಗ ತಪ್ಪು ನೂರಕ್ಕೆ ಒಂದೂ ಇಲ್ಲವಂತೆ! ಎಲ್ಲಿಂದ ಬಂದೀತು? ಆನೆಯ ತೂಕದಲ್ಲಿ ಹಿಡಿ ಕಾಳು ಹೆಚ್ಚುಕಡಿಮೆಯಾದರೆ ಯಾರಿಗೆ ತಿಳಿದೀತು? ಅದೇ ಹಿಡಿ ಕಾಳನ್ನು ಗುಬ್ಬಿಯ ಜೊತೆ ಇಟ್ಟು ತೂಗಲಿ, ಗುಬ್ಬಿಯೇ ಕಾಣೆಯಾಗುತ್ತದೆ. ಅಕ್ಕ ಕೂಗಾಡಿದಳು. ಆತ ನಕ್ಕ.

ಹೊಸ ಕುರ್ಚಿಗಳಲ್ಲೊಂದು ಅಕ್ಕನ ಅಣ್ಣನ ಪಾಲಿಗೇ ಬಂತು. ಅಕ್ಕ ರಜೆ ಹಾಕಿ ಅವನನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದು ಮರಳುವಾಗ, ನಾಲ್ಕು ರಸ್ತೆ ಕೂಡುವಲ್ಲಿ ಕುರ್ಚಿ ನಿಂತಿತು. ಬಸ್ಸೊಂದು ಮೈಮೇಲೆ ಬಂದಂತೆ ಬಂದು ಕಿರುಚಿ ನಿಂತಿತು. ಪರದೆ ಮಾತ್ರ ‘ಅರ್ಧ ಉಳಿದಿದೆ’ ಎಂದು ಹಲ್ಲು ಕಿರಿಯುತ್ತಿತ್ತು.

ಇತ್ತ ನಮ್ಮ ಕಾರ್ಖಾನೆಯ ಅಂಗಳದಲ್ಲಿ ಅಂಥವೇ ಕುರ್ಚಿಗಳನ್ನು ಲಾರಿಗೆ ಏರಿಸುತ್ತಿದ್ದರು. ಗೇಟು, ಕಾವಲುಗಾರ, ಕಾರಿಡಾರು ಎಲ್ಲವನ್ನೂ ಸೀಳಿಕೊಂಡು ಅಕ್ಕ ಅಣ್ಣನ ಸಮೇತ ಕುರ್ಚಿಯನ್ನು ಮ್ಯಾನೇಜರನ ಕೋಣೆಗೆ ನುಗ್ಗಿಸಿದಳು.

“ಏನಮ್ಮ ಇದು? ರಜೆ ಹಾಕಿದ್ರಲ್ಲ?”

“ಕುರ್ಚಿನೂ ರಜೆ ಹಾಕ್ತು ಸಾರ್, ನಡುರಸ್ತೇಲಿ” ಎಂದ ಅಣ್ಣ.

ಮೋಟಾರಿಗೆ ಉಸಿರಿಲ್ಲದಿದ್ದರೂ ಕುರ್ಚಿಯ ದೀಪ ಮಿಣುಕುತ್ತಿತ್ತು. ಅಕ್ಕ ಚಿಪ್ಪಿಗೆ ಮೀಟರ್ ಹಚ್ಚಿದಳು. ಸೊನ್ನೆ.

“ದೀಪ ಉರೀತಿದೆ. ನಿಮ್ಮ ಚಿಪ್ಪು ಏನೂ ಹರೀತಿಲ್ಲ ಅಂತಿದೆ. ಹಾಗಾದ್ರೆ ದೀಪಕ್ಕೆ ಎಣ್ಣೆ ನೀವು ಹಾಕಿದ್ರಾ?”

“ಪೂರ್ತಿ ಭಾರಕ್ಕೆ ಸರಿಯಾಗೇ ಇದೆಯಲ್ಲಮ್ಮ…”

“ಜನ ಇಡೀ ದಿನ ಗುಡ್ಡ ಹತ್ತುತ್ತಾ ಇರ್ತಾರೇನ್ರೀ? ಕೂತಿರ್ತಾರೆ! ಕೂತಷ್ಟು ಹೊತ್ತೂ ಹನಿಹನಿ ಸೋರಿದ್ದು ಇದರ ಲೆಕ್ಕಕ್ಕೇ ಬರಲ್ಲ. ಲಾರಿ ನಿಲ್ಸಿ. ಇಲ್ಲಾಂದ್ರೆ ನೀವೇ ಇದರಲ್ಲಿ ಕೂತು ಆ ರಸ್ತೆ ದಾಟಿ.”

ಮ್ಯಾನೇಜರ್ ಕುರ್ಚಿ ನೋಡಿದ, ಅಣ್ಣನನ್ನು ನೋಡಿದ. ಅಣ್ಣ ಉದಾರವಾಗಿ “ಜಾಗ ಬಿಡ್ಲಾ ಸಾರ್?” ಎಂದ. ಲಾರಿಯಿಂದ ಕುರ್ಚಿಗಳು ಒಂದೊಂದಾಗಿ ಇಳಿದವು.

ನಾವೆಲ್ಲ ಅಕ್ಕನನ್ನು ಮುತ್ತಿಕೊಂಡೆವು. “ಅಕ್ಕಾ, ನೇರ ಶತ್ರುವಿನ ಕೋಟೆಗೇ ನುಗ್ಗಬೇಕು ಅಂತ ಯಾವ ಗಳಿಗೇಲಿ ತೀರ್ಮಾನ ಮಾಡ್ದೆ?”

ಅಕ್ಕ ತೋಳು ನೀವಿಕೊಂಡಳು.

“ತೀರ್ಮಾನ ಏನ್ ಬಂತು? ಮನೆಗಿಂತ ಫ್ಯಾಕ್ಟರಿ ಹತ್ರ ಇತ್ತು. ಅಣ್ಣ ಭಾರ.”